ಸಂಶಯಕ್ಕೆ ಇಟ್ಟ ಹೆಸರು

ಲಾನ್ಸ್ ಡಿಹೇವನ್-ಸ್ಮಿತ್ ಅಮೆರಿಕದ ರಾಜ್ಯಶಾಸ್ತ್ರಜ್ಞರು. ಫ್ಲಾರಿಡಾ ರಾಜ್ಯದ ರಾಜಧಾನಿ ಟ್ಯಾಲಹಸ್ಸಿ. ಅಲ್ಲಿನ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಸಾರ್ವಜನಿಕ ಆಡಳಿತದ ಪ್ರಾಧ್ಯಾಪಕರಾಗಿದ್ದರು. 2013ರಲ್ಲಿ ಅವರ ಒಂದು ಪುಸ್ತಕ ಬಂತು. ಅದರ ಹೆಸರು ‘ಕಾನ್‌ಸ್ಪಿರಸಿ ಥಿಯರಿ ಇನ್ ಅಮೆರಿಕ’. ಪುಟಗಳು ಹೆಚ್ಚಿಲ್ಲ, ವಾದ ಮಾತ್ರ ದೊಡ್ಡದು. ಸರ್ಕಾರದ ಒಳಗಿನವರೇ ಜನರ ವಿರುದ್ಧ ಸಂಚು ಹೂಡಿರಬಹುದೆಂದು ಒಬ್ಬ ನಾಗರಿಕ ಶಂಕಿಸುತ್ತಾನೆ ಎನ್ನೋಣ. ಪ್ರಜಾಪ್ರಭುತ್ವದಲ್ಲಿ ಆ ಶಂಕೆಗೆ ಜಾಗ ಎಲ್ಲಿ? ಅದನ್ನು ಕೇಳಿ ನಕ್ಕು ಬಿಡಬೇಕೆ, ಇಲ್ಲ ತನಿಖೆಗೆ ಒಪ್ಪಿಸಬೇಕೆ? ಪುಸ್ತಕ ಈ ಪ್ರಶ್ನೆಯ ಸುತ್ತ ನಿಂತಿದೆ.

‘ಕಾನ್‌ಸ್ಪಿರಸಿ ಥಿಯರಿ’ ಎಂಬುದನ್ನು ಕನ್ನಡ ಪತ್ರಿಕೆಗಳು ಪಿತೂರಿ ಸಿದ್ಧಾಂತ ಎಂದು ಬರೆಯುತ್ತವೆ. ಕನ್ನಡದಲ್ಲಿ ಕೃತ್ಯಕ್ಕೆ ಹೆಸರುಗಳು ಬೇಕಾದಷ್ಟಿವೆ. ಸಂಚು, ಒಳಸಂಚು, ಪಿತೂರಿ, ಮಸಲತ್ತು, ಹುನ್ನಾರ. ಚಾಣಕ್ಯನ ಕಥೆ ಕೇಳಿ ಬೆಳೆದವರಿಗೆ ರಾಜಕಾರಣದಲ್ಲಿ ಸಂಚು ನಡೆಯುತ್ತದೆ ಎಂಬುದು ಹೊಸ ಸುದ್ದಿಯೂ ಅಲ್ಲ. ಆದರೆ ಸಂಚು ನಡೆದಿರಬಹುದು ಎಂದು ಊಹಿಸುವ ಮಾತಿಗೆ ಇಲ್ಲಿ ಹಳೆಯ ಹೆಸರಿಲ್ಲ. ಸಿದ್ಧಾಂತ ಎಂಬುದೂ ಇಲ್ಲಿ ಸರಿಯಾಗಿ ಕೂರುವುದಿಲ್ಲ. ಸಿದ್ಧಾಂತ ಎಂದರೆ ಸಿದ್ಧವಾದದ್ದು, ನೆಲೆಗೊಂಡದ್ದು. ಪಿತೂರಿ ಸಿದ್ಧಾಂತವೆಂದು ಕರೆಯುವುದೋ, ಸಿದ್ಧವಾಗದ ಊಹೆಯನ್ನು. ಡಿಹೇವನ್-ಸ್ಮಿತ್ ಹಿಡಿದದ್ದು ಈ ಹೆಸರನ್ನೇ. ಹೆಸರಿಟ್ಟವರು ಯಾರು, ಯಾವಾಗ ಇಟ್ಟರು, ಇಟ್ಟಿದ್ದರಿಂದ ಏನಾಯಿತು ಎಂದು ಅವರು ಕೇಳಿದರು.

ಅವರ ಮೊದಲ ಮಾತು ಅಮೆರಿಕದ ಹುಟ್ಟಿನ ಬಗ್ಗೆ. 1776ರ ಸ್ವಾತಂತ್ರ್ಯ ಘೋಷಣೆಯನ್ನು ಓದಿದವರು ಬಲ್ಲರು, ಅದರ ಬಹುಭಾಗ ಒಂದು ದೂರಿನ ಪಟ್ಟಿ. ಬ್ರಿಟನ್ನಿನ ದೊರೆ ಮೂರನೇ ಜಾರ್ಜ್ ಮೇಲೆ ಹೊರಿಸಿದ ಇಪ್ಪತ್ತೇಳು ಆರೋಪಗಳು ಅಲ್ಲಿವೆ. ಶಾಸನಸಭೆಗಳನ್ನು ವಿಸರ್ಜಿಸಿದ್ದು ಒಂದು. ನ್ಯಾಯಾಧೀಶರನ್ನು ತನ್ನ ಮರ್ಜಿಗೆ ಕಟ್ಟಿಹಾಕಿದ್ದು ಇನ್ನೊಂದು. ಶಾಂತಿಕಾಲದಲ್ಲೂ ಸೈನ್ಯವನ್ನು ಇರಿಸಿದ್ದು ಮತ್ತೊಂದು. ಇವನ್ನು ಬಿಡಿಬಿಡಿಯಾಗಿ ನೋಡಿದರೆ ಆಡಳಿತದ ತಪ್ಪುಗಳು ಎನ್ನಬಹುದು. ಘೋಷಣೆ ಬರೆದವರು ಹಾಗೆ ನೋಡಲಿಲ್ಲ. ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಇದರ ಹಿಂದೆ ಒಂದೇ ಉದ್ದೇಶವಿದೆ, ಅದು ನಿರಂಕುಶ ಆಡಳಿತ ಎಂದರು. ಇಂದಿನ ಭಾಷೆಯಲ್ಲಿ ಅದು ಪಿತೂರಿ ಸಿದ್ಧಾಂತವೇ ಎಂದು ಡಿಹೇವನ್-ಸ್ಮಿತ್ ಹೇಳುತ್ತಾರೆ. ದೊರೆಯ ತಲೆಯೊಳಗಿನ ಉದ್ದೇಶವನ್ನು ಘೋಷಣೆ ಬರೆದವರು ಕಂಡಿರಲಿಲ್ಲ, ಘಟನೆಗಳ ಸಾಲಿನಿಂದ ಊಹಿಸಿದರು.

ಸಂವಿಧಾನ ಬರೆಯಲು ಕೂತಾಗಲೂ ಆ ಅನುಮಾನ ಅವರನ್ನು ಬಿಡಲಿಲ್ಲ. ಅಧಿಕಾರ ಸಿಕ್ಕವರು ಕೂಡಿಕೊಂಡು ಅದನ್ನು ದುರುಪಯೋಗ ಮಾಡುತ್ತಾರೆ ಎಂದೇ ಅವರು ಎಣಿಸಿದ್ದರು. ಅದಕ್ಕಾಗಿ ಅಧಿಕಾರವನ್ನು ಮೂರು ಕಡೆ ಹಂಚಿದರು. ಒಬ್ಬರ ಮೇಲೆ ಒಬ್ಬರನ್ನು ಕಾವಲು ನಿಲ್ಲಿಸಿದರು. ಅಧ್ಯಕ್ಷನನ್ನೇ ವಿಚಾರಣೆ ಮಾಡಿ ಪದಚ್ಯುತಗೊಳಿಸುವ ದಾರಿಯನ್ನೂ ಇಟ್ಟರು. ಉತ್ತರದಾಯಿತ್ವ ಎಂದು ಈಗ ಕರೆಯುವ ಏರ್ಪಾಡಿನ ಬೇರಿನಲ್ಲಿ ನಂಬಿಕೆಗಿಂತ ಅಪನಂಬಿಕೆಯೇ ಹೆಚ್ಚಿದೆ.

ಅಧಿಕಾರವನ್ನು ಶಂಕಿಸುವುದು ಆ ದೇಶದ ಮೂಲ ಗುಣವಾಗಿದ್ದರೆ, ಶಂಕಿಸುವವನು ನಗೆಪಾಟಲಾದದ್ದು ಯಾವಾಗ? ಇಲ್ಲಿಂದ ವಾದ ಇಪ್ಪತ್ತನೆಯ ಶತಮಾನಕ್ಕೆ ಬರುತ್ತದೆ.

ಎರಡನೇ ಮಹಾಯುದ್ಧದ ನಂತರ ವಿದ್ವಾಂಸರ ಲೋಕದಲ್ಲಿ ಗಾಳಿ ತಿರುಗಿತು. ಕಾರ್ಲ್ ಪಾಪರ್ ವಿಯೆನ್ನಾದಿಂದ ನಾಜಿಗಳ ಭಯಕ್ಕೆ ಹೊರಟುಬಂದ ತತ್ತ್ವಜ್ಞಾನಿ. ಸಮಾಜದಲ್ಲಿ ನಡೆಯುವುದೆಲ್ಲ ಯಾರೋ ಬೇಕೆಂದೇ ಮಾಡಿಸಿದ್ದು ಎಂದು ನಂಬುವುದು ಮೂಢನಂಬಿಕೆಯ ಇನ್ನೊಂದು ರೂಪ ಎಂದು ಅವರು ವಾದಿಸಿದರು. ಹಿಂದೆ ದೇವತೆಗಳು ಮಾಡಿಸುತ್ತಿದ್ದರು, ಈಗ ಆ ಜಾಗಕ್ಕೆ ಬಲಾಢ್ಯರ ಗುಂಪುಗಳು ಬಂದಿವೆ ಎಂಬುದು ಅವರ ಹೋಲಿಕೆ. ಯಹೂದ್ಯರ ಪಿತೂರಿ ಎಂಬ ಕಟ್ಟುಕಥೆ ಲಕ್ಷಗಟ್ಟಲೆ ಜನರ ಕೊಲೆಗೆ ನೆಪವಾದ ಕಾಲ ಅದು. ಪಾಪರ್ ಅವರ ಭಯಕ್ಕೆ ಕಾರಣವಿತ್ತು. 1964ರಲ್ಲಿ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಟರ್ ಅಮೆರಿಕದ ರಾಜಕಾರಣದ ಪಿತೂರಿ ಭೀತಿಯ ಮೇಲೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅವರು ಮನೋರೋಗಶಾಸ್ತ್ರದಿಂದ ಒಂದು ಪದವನ್ನು ಎರವಲು ತಂದರು. ಅಲ್ಲಿಂದ ಮುಂದೆ ಶಂಕೆಯ ಚರ್ಚೆಯಲ್ಲಿ ಸಾಕ್ಷ್ಯದ ಜೊತೆಗೆ ಶಂಕಿಸುವವನ ಮನಸ್ಸಿನ ಆರೋಗ್ಯವೂ ಸೇರಿಕೊಂಡಿತು.

ಇದು ವಿದ್ವಾಂಸರ ಮಾತು. ಜನರ ನಡುವೆ ಆದದ್ದು ಬೇರೆ. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಜಾನ್ ಕೆನಡಿಯವರ ಹತ್ಯೆಯಾಯಿತು. ಎರಡು ದಿನಗಳಲ್ಲಿ ಆರೋಪಿ ಲೀ ಹಾರ್ವೆ ಓಸ್ವಾಲ್ಡ್ ಪೊಲೀಸರ ವಶದಲ್ಲಿರುವಾಗಲೇ ಕೊಲೆಯಾದ. ನ್ಯಾಯಾಲಯದ ವಿಚಾರಣೆಗೆ ಅವಕಾಶವೇ ಉಳಿಯಲಿಲ್ಲ. ಮುಖ್ಯ ನ್ಯಾಯಾಧೀಶ ಅರ್ಲ್ ವಾರೆನ್ ಅವರ ನೇತೃತ್ವದಲ್ಲಿ ಏಳು ಜನರ ಆಯೋಗ ರಚನೆಯಾಯಿತು. ಹತ್ತು ತಿಂಗಳಲ್ಲಿ ಸುಮಾರು ಒಂಬೈನೂರು ಪುಟಗಳ ವರದಿ ಬಂತು. ಓಸ್ವಾಲ್ಡ್ ಒಬ್ಬನೇ ಕೊಂದದ್ದು ಎಂದು ವರದಿ ಹೇಳಿತು. ಬಹಳ ಜನ ನಂಬಲಿಲ್ಲ.

ಇಲ್ಲಿ ಒಂದು ಕಾಗದ ಕಥೆಯೊಳಗೆ ಬರುತ್ತದೆ. 1967ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ವಿದೇಶಿ ಠಾಣೆಗಳಿಗೆ ಒಂದು ಸುತ್ತೋಲೆ ಕಳಿಸಿತು. ಅದರ ಸಂಖ್ಯೆ 1035-960. ವಿಷಯ, ವಾರೆನ್ ವರದಿಯ ಟೀಕಾಕಾರರು. ಓಸ್ವಾಲ್ಡ್ ಒಬ್ಬನೇ ಕೊಂದನೆಂಬುದನ್ನು ನೂರಕ್ಕೆ ನಲವತ್ತಾರು ಅಮೆರಿಕನ್ನರು ಒಪ್ಪುವುದಿಲ್ಲ ಎಂಬ ಸಮೀಕ್ಷೆಯ ಲೆಕ್ಕವನ್ನು ಸುತ್ತೋಲೆಯೇ ಕೊಡುತ್ತದೆ. ಟೀಕಾಕಾರರಿಗೆ ಉತ್ತರ ಕೊಡುವುದು ಹೇಗೆ ಎಂಬ ಸೂಚನೆಗಳು ಅದರಲ್ಲಿವೆ. ಸ್ನೇಹದಲ್ಲಿರುವ ರಾಜಕಾರಣಿಗಳ, ಸಂಪಾದಕರ ಜೊತೆ ಮಾತಾಡಿ ಎಂದಿದೆ. ಪುಸ್ತಕ ವಿಮರ್ಶೆಗಳು ಮತ್ತು ಲೇಖನಗಳು ಈ ಕೆಲಸಕ್ಕೆ ಒಳ್ಳೆಯ ಸಾಧನ ಎಂದಿದೆ. ಟೀಕಾಕಾರರು ಸಾಕ್ಷ್ಯ ಬರುವ ಮೊದಲೇ ತೀರ್ಮಾನಕ್ಕೆ ಬಂದವರು, ರಾಜಕೀಯ ಅಥವಾ ಹಣದ ಆಸೆಯುಳ್ಳವರು ಎಂದು ತೋರಿಸಬಹುದು ಎಂದಿದೆ. ಅಷ್ಟು ದೊಡ್ಡ ಸಂಚನ್ನು ಅಮೆರಿಕದಲ್ಲಿ ಮುಚ್ಚಿಡಲು ಸಾಧ್ಯವೇ ಇಲ್ಲ ಎಂಬ ವಾದವೂ ಅಲ್ಲಿದೆ. ಈ ಕೊನೆಯ ವಾದ ಇವತ್ತಿಗೂ ಚಲಾವಣೆಯಲ್ಲಿದೆ.

ಡಿಹೇವನ್-ಸ್ಮಿತ್ ಈ ಸುತ್ತೋಲೆಗೆ ಬಹಳ ತೂಕ ಕೊಡುತ್ತಾರೆ. ಪಿತೂರಿ ಸಿದ್ಧಾಂತ ಎಂಬುದು ಬೈಗುಳವಾಗಿ ಹರಡಿದ್ದು ಇದರ ನಂತರ ಎಂದು ಅವರ ವಾದ. ಅದನ್ನು ತೋರಿಸಲು ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಆ ಪದ ಎಷ್ಟು ಬಾರಿ ಬಂದಿದೆ ಎಂದು ಎಣಿಸಿದರು. ಅರವತ್ತರ ದಶಕದ ನಂತರ ಎಣಿಕೆ ಏರುತ್ತದೆ.

ಈ ವಾದ ಅರ್ಧ ಗಟ್ಟಿ, ಅರ್ಧ ಸಡಿಲ. ಸುತ್ತೋಲೆ ನಿಜ, ಅದರಲ್ಲಿನ ಸೂಚನೆಗಳೂ ನಿಜ. ಪ್ರಜೆಗಳ ಪ್ರಶ್ನೆಗಳನ್ನು ತಗ್ಗಿಸಲು ಒಂದು ಗುಪ್ತಚರ ಸಂಸ್ಥೆ ಪತ್ರಿಕೆಗಳನ್ನು ಬಳಸಲು ಹೊರಟಿತ್ತು ಎಂಬುದು ಸಣ್ಣ ವಿಷಯವಲ್ಲ. ಆದರೆ ಪದ ಹುಟ್ಟಿದ್ದು ಅಲ್ಲಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳಲ್ಲೇ ಅದು ಸಿಗುತ್ತದೆ. 1863ರಷ್ಟು ಹಿಂದೆಯೇ ‘ನ್ಯೂಯಾರ್ಕ್ ಟೈಮ್ಸ್’ ಓದುಗರೊಬ್ಬರ ಪತ್ರದಲ್ಲಿ ಅದು ಬಳಕೆಯಾಗಿದೆ. ಸುತ್ತೋಲೆಯ ಗಮನವಿದ್ದದ್ದೂ ವಿದೇಶಗಳ ಕಡೆಗೆ. ಜರ್ಮನಿಯ ಮೈಕೇಲ್ ಬಟರ್ ಮುಂತಾದ ವಿದ್ವಾಂಸರು ಇದನ್ನು ಎತ್ತಿ ತೋರಿಸಿದ್ದಾರೆ. ಸಿಐಎ ಆ ಪದವನ್ನು ಹುಟ್ಟುಹಾಕಿತು ಎಂದು ಡಿಹೇವನ್-ಸ್ಮಿತ್ ಅವರ ಎಷ್ಟೋ ಓದುಗರು ಹೇಳಿಕೊಂಡು ತಿರುಗುತ್ತಾರೆ. ಪಿತೂರಿ ಸಿದ್ಧಾಂತ ಎಂಬ ಪದದ ಬಗ್ಗೆಯೇ ಒಂದು ಪಿತೂರಿ ಸಿದ್ಧಾಂತ ಹುಟ್ಟಿಕೊಂಡಂತಾಗಿದೆ.

ಕೇಳುಗರು ಇಲ್ಲಿಯವರೆಗಿನ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕು. ಅಧಿಕಾರವನ್ನು ಶಂಕಿಸುವುದು ಹಳೆಯ ಪ್ರಜಾಸತ್ತಾತ್ಮಕ ಅಭ್ಯಾಸ. ಆ ಶಂಕೆಗೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ಕೆಟ್ಟ ಹೆಸರು ಅಂಟಿತು. ಡಿಹೇವನ್-ಸ್ಮಿತ್ ಇಷ್ಟಕ್ಕೇ ನಿಲ್ಲಲಿಲ್ಲ, ಬದಲಿ ಹೆಸರೊಂದನ್ನು ಸೂಚಿಸಿದರು.

2006ರಲ್ಲಿ ಒಂದು ವಿದ್ವತ್ ಪತ್ರಿಕೆಯ ಲೇಖನದಲ್ಲಿ ಆ ಹೆಸರು ಬಂತು. ಪ್ರಜಾಪ್ರಭುತ್ವದ ವಿರುದ್ಧ ಪ್ರಭುತ್ವದ ಅಪರಾಧ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಸ್ಕ್ಯಾಡ್’ ಎನ್ನುತ್ತಾರೆ. ಸರ್ಕಾರದ ಒಳಗಿನವರು ಕೂಡಿಕೊಂಡು ಚುನಾವಣೆ, ಶಾಸನಸಭೆ, ಸಾರ್ವಜನಿಕ ಚರ್ಚೆ ಇವುಗಳ ದಿಕ್ಕು ತಪ್ಪಿಸುವುದು, ಅಥವಾ ಮಾಡಬೇಕಾದ್ದನ್ನು ಬೇಕೆಂದೇ ಮಾಡದೆ ಬಿಡುವುದು, ಇವೆಲ್ಲ ಅದರೊಳಗೆ ಬರುತ್ತವೆ. ಜನರ ಪರಮಾಧಿಕಾರಕ್ಕೆ ಪೆಟ್ಟು ಕೊಡುವ ಉದ್ದೇಶವಿರಬೇಕು. ಬರಿಯ ಲಂಚ, ಬರಿಯ ಬೇಜವಾಬ್ದಾರಿ ಇದರಲ್ಲಿ ಸೇರುವುದಿಲ್ಲ.

ಹೆಸರು ಬದಲಾಯಿಸಿದ ಮಾತ್ರಕ್ಕೆ ಏನು ಬಂತು ಎಂದು ಕೇಳಬಹುದು. ಅದಕ್ಕೆ ಅಪರಾಧಶಾಸ್ತ್ರದಿಂದ ಒಂದು ಉದಾಹರಣೆ ಇದೆ. 1939ರಲ್ಲಿ ಎಡ್ವಿನ್ ಸದರ್ಲೆಂಡ್ ಎಂಬ ಸಮಾಜಶಾಸ್ತ್ರಜ್ಞರು ಬಿಳಿ ಕಾಲರಿನ ಅಪರಾಧ ಎಂಬ ಮಾತನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ಅಪರಾಧಿ ಎಂದರೆ ಕೊಳೆಗೇರಿಯ ಬಡವ ಎಂಬ ಚಿತ್ರ ಸಾಮಾನ್ಯವಾಗಿತ್ತು. ಕಂಪನಿ ಆಡಳಿತಗಾರರ ವಂಚನೆಗಳು ಬಿಡಿ ಪ್ರಕರಣಗಳಾಗಿ ಬಂದು ಹೋಗುತ್ತಿದ್ದವು. ಹೆಸರು ಸಿಕ್ಕಿದ ಮೇಲೆ ಅವು ಒಂದು ಜಾತಿಯ ಅಪರಾಧಗಳಾಗಿ ಕಂಡವು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಬಂತು. ಪ್ರಭುತ್ವದ ಅಪರಾಧಗಳಿಗೂ ಅದೇ ಬೇಕು ಎಂದರು ಡಿಹೇವನ್-ಸ್ಮಿತ್. ಒಂದೊಂದು ಘಟನೆಗೂ ಒಂದೊಂದು ಕಥೆ ಕಟ್ಟುವುದು ಪಿತೂರಿ ಸಿದ್ಧಾಂತದ ರೀತಿ. ಎಲ್ಲವನ್ನೂ ಒಟ್ಟಿಗಿಟ್ಟು ಯಾರ ಮೇಲೆ ನಡೆಯಿತು, ಯಾವ ಸಮಯದಲ್ಲಿ ನಡೆಯಿತು, ಲಾಭ ಯಾರಿಗಾಯಿತು ಎಂದು ನೋಡುವುದು ತಮ್ಮ ರೀತಿ ಎಂದರು.

ಅವರು ಘಟನೆಗಳನ್ನು ಎರಡು ರಾಶಿ ಮಾಡಿದರು. ರುಜುವಾತಾದವು ಒಂದು ಕಡೆ, ಶಂಕೆ ಮಾತ್ರ ಇರುವವು ಇನ್ನೊಂದು ಕಡೆ. ರುಜುವಾತಾದವುಗಳ ರಾಶಿ ಚಿಕ್ಕದೇನಲ್ಲ.

1964ರ ಆಗಸ್ಟ್ ತಿಂಗಳು. ವಿಯೆಟ್ನಾಮಿನ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಗಳಿದ್ದವು. ಎರಡನೇ ತಾರೀಖು ಒಂದು ನೌಕೆಯ ಮೇಲೆ ದಾಳಿಯಾದದ್ದು ನಿಜ. ನಾಲ್ಕನೇ ತಾರೀಖು ಮತ್ತೆ ದಾಳಿಯಾಯಿತು ಎಂದು ಅಧ್ಯಕ್ಷ ಜಾನ್ಸನ್ ದೇಶಕ್ಕೆ ಹೇಳಿದರು. ಮೂರು ದಿನಗಳಲ್ಲಿ ಸಂಸತ್ತು ಅವರಿಗೆ ಯುದ್ಧ ಮಾಡುವ ಅಧಿಕಾರ ಕೊಟ್ಟಿತು. ಎರಡೂ ಸದನ ಸೇರಿ ವಿರೋಧ ಮತ ಹಾಕಿದವರು ಇಬ್ಬರೇ. ಆ ಎರಡನೇ ದಾಳಿ ನಡೆದೇ ಇರಲಿಲ್ಲ. ರಾಷ್ಟ್ರೀಯ ಭದ್ರತಾ ಸಂಸ್ಥೆಯ ಇತಿಹಾಸಕಾರರೊಬ್ಬರು ಇದನ್ನು ದಾಖಲೆ ಸಮೇತ ಬರೆದಿಟ್ಟಿದ್ದರು. ಅದು ಜನರ ಕೈಗೆ ಬಂದದ್ದು 2005ರಲ್ಲಿ, ಘಟನೆ ನಡೆದು ನಲವತ್ತು ವರ್ಷಗಳ ಮೇಲೆ.

ಅಮೆರಿಕದ ಒಳನಾಡಿನ ತನಿಖಾ ಸಂಸ್ಥೆ ಎಫ್‌ಬಿಐನ ಪ್ರಕರಣ ಇನ್ನೂ ವಿಚಿತ್ರ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮೀಡಿಯಾ ಎಂಬ ಸಣ್ಣ ಊರು. ಅಲ್ಲಿ ಎಫ್‌ಬಿಐನ ಸಣ್ಣ ಕಚೇರಿ. 1971ರ ಮಾರ್ಚ್ 8ರ ರಾತ್ರಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ಮುಷ್ಟಿಯುದ್ಧ. ಇಡೀ ದೇಶದ ಕಿವಿ ಆ ಕಡೆಗಿತ್ತು. ಅದೇ ಹೊತ್ತಿಗೆ ಕೆಲವು ಯುದ್ಧವಿರೋಧಿಗಳು ಕಚೇರಿಯ ಬೀಗ ತೆಗೆದು ಒಳನುಗ್ಗಿದರು. ಅವರಲ್ಲಿ ಕಾಲೇಜು ಅಧ್ಯಾಪಕರೂ ಇದ್ದರು. ಕಡತಗಳನ್ನು ಸೂಟ್‌ಕೇಸುಗಳಲ್ಲಿ ತುಂಬಿಕೊಂಡು ಹೋದರು. ಆಮೇಲೆ ಪ್ರತಿಗಳನ್ನು ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿದರು. ಆ ಕಾಗದಗಳ ನಡುವೆ ಒಂದು ಚೀಟಿಯ ಮೇಲೆ ‘ಕಾಯಿಂಟೆಲ್‌ಪ್ರೊ’ ಎಂಬ ಅರ್ಥವಾಗದ ಪದವಿತ್ತು. ಪತ್ರಕರ್ತರು ಆ ಪದದ ಬೆನ್ನು ಹತ್ತಿದರು. 1956ರಿಂದ ಎಫ್‌ಬಿಐ ತನ್ನದೇ ದೇಶದ ರಾಜಕೀಯ ಗುಂಪುಗಳನ್ನು ಒಡೆಯಲು ನಡೆಸುತ್ತಿದ್ದ ಗುಪ್ತ ಕಾರ್ಯಕ್ರಮ ಅದು ಎಂದು ಕೊನೆಗೆ ತಿಳಿಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಹೆಸರಿಲ್ಲದ ಬೆದರಿಕೆ ಪತ್ರ ಹೋದದ್ದೂ ಆ ಸಂಸ್ಥೆಯಿಂದಲೇ. ಸರ್ಕಾರ ತಮ್ಮನ್ನು ಹಿಂಬಾಲಿಸುತ್ತಿದೆ ಎಂದು ಕಪ್ಪು ಜನರ ನಾಯಕರು ವರ್ಷಗಟ್ಟಲೆ ಹೇಳಿದ್ದರು. ಅದು ಅವರ ಭ್ರಮೆ ಎನ್ನುತ್ತಿದ್ದವರು ಬಹಳ. ಕಚೇರಿಗೆ ನುಗ್ಗಿದವರು ಸಿಕ್ಕಿಬೀಳಲೇ ಇಲ್ಲ. 2014ರಲ್ಲಿ ಅವರಲ್ಲಿ ಹೆಚ್ಚಿನವರು ತಾವಾಗಿಯೇ ಹೆಸರು ಹೇಳಿಕೊಂಡರು. ಕಾನೂನಿನ ಕಣ್ಣಿಗೆ ಅವರು ಕಳ್ಳರು. ಇಡೀ ತನಿಖೆ ಶುರುವಾದದ್ದು ಮಾತ್ರ ಆ ಕಳವಿನಿಂದ.

ವಾಟರ್‌ಗೇಟ್ ಎಲ್ಲರಿಗೂ ಗೊತ್ತಿರುವ ಕಥೆ. 1972ರ ಜೂನಿನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಅದು ಮೂರನೇ ದರ್ಜೆಯ ಕಳ್ಳತನ ಎಂದು ಅಧ್ಯಕ್ಷರ ವಕ್ತಾರರು ತಳ್ಳಿಹಾಕಿದರು. ಎರಡು ವರ್ಷಗಳ ಮೇಲೆ, 1974ರ ಆಗಸ್ಟಿನಲ್ಲಿ, ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ನಡುವೆ ನಡೆದದ್ದು ಪತ್ರಿಕೆಗಳ ಬರಹ, ಸೆನೆಟ್ ಸಮಿತಿಯ ವಿಚಾರಣೆ, ಸುಪ್ರೀಂ ಕೋರ್ಟಿನ ಆದೇಶ, ಮತ್ತು ಅಧ್ಯಕ್ಷರೇ ಮಾಡಿಸಿಟ್ಟಿದ್ದ ಧ್ವನಿಮುದ್ರಣಗಳು. ಆ ಧ್ವನಿಮುದ್ರಣಗಳು ಇಲ್ಲದಿದ್ದರೆ ವಾಟರ್‌ಗೇಟ್ ಇವತ್ತು ಯಾವ ರಾಶಿಯಲ್ಲಿ ಇರುತ್ತಿತ್ತು ಎಂಬುದು ಯೋಚಿಸಬೇಕಾದ ಮಾತು.

ರುಜುವಾತಾದ ಮೂರು ಪ್ರಕರಣಗಳಾದವು. ಮೂರರಲ್ಲೂ ಶಂಕೆ ಮೊದಲು ಬಂತು, ಸಾಕ್ಷ್ಯ ಆಮೇಲೆ. ಒಂದರಲ್ಲಿ ನಲವತ್ತು ವರ್ಷ, ಒಂದರಲ್ಲಿ ಹದಿನೈದು ವರ್ಷ, ಇನ್ನೊಂದರಲ್ಲಿ ಎರಡು ವರ್ಷ ಹಿಡಿಯಿತು. ನಡುವಿನ ಆ ವರ್ಷಗಳಲ್ಲಿ ಶಂಕಿಸಿದವನ ಬಾಯಿ ಮುಚ್ಚಿಸಿದರೆ ಸಾಕ್ಷ್ಯ ಹುಡುಕುವವರೇ ಇಲ್ಲದಾಗುತ್ತಾರೆ ಎಂಬುದು ಡಿಹೇವನ್-ಸ್ಮಿತ್ ಅವರ ವಾದದ ಜೀವ. ಈ ವಾದ ಅವರಿಗೆ ಪುಸ್ತಕಗಳಿಂದ ಮಾತ್ರ ಹೊಳೆದದ್ದಲ್ಲ. ಅವರ ಊರಿನಲ್ಲೇ ಒಂದು ಘಟನೆ ನಡೆದಿತ್ತು.

2000ದ ನವೆಂಬರಿನ ಅಧ್ಯಕ್ಷ ಚುನಾವಣೆ ಕೊನೆಗೆ ಫ್ಲಾರಿಡಾ ಒಂದೇ ರಾಜ್ಯದ ಮೇಲೆ ನಿಂತಿತು. ಸುಮಾರು ಅರವತ್ತು ಲಕ್ಷ ಮತಗಳು ಬಿದ್ದಿದ್ದವು. ಜಾರ್ಜ್ ಬುಷ್ ಅವರಿಗೆ ಸಿಕ್ಕ ಅಂತರ ಐನೂರ ಚಿಲ್ಲರೆ. ಬುಷ್ ಅವರ ತಮ್ಮನೇ ಆ ರಾಜ್ಯದ ಗವರ್ನರ್. ಚುನಾವಣೆಯ ಉಸ್ತುವಾರಿಯಿದ್ದ ರಾಜ್ಯ ಕಾರ್ಯದರ್ಶಿಯವರು ಬುಷ್ ಪ್ರಚಾರ ಸಮಿತಿಯ ರಾಜ್ಯ ಸಹ-ಅಧ್ಯಕ್ಷೆಯೂ ಆಗಿದ್ದರು. ಪಂದ್ಯದ ಅಂಪೈರೇ ಒಂದು ತಂಡದ ವ್ಯವಸ್ಥಾಪಕರಾದಂತೆ.

ಮತಪತ್ರದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಹಲವು ಜಿಲ್ಲೆಗಳಲ್ಲಿ ಅದು ಒಂದು ದಪ್ಪ ಕಾಗದದ ಕಾರ್ಡು. ಮತದಾರ ಒಂದು ಕಡ್ಡಿಯಿಂದ ಅದರಲ್ಲಿ ತೂತು ಮಾಡಬೇಕು. ತೂತಿನ ಚೂರು ಪೂರ್ತಿ ಕಳಚಿ ಬೀಳದೆ ಜೋತಾಡಿದರೆ ಯಂತ್ರ ಅದನ್ನು ಓದುವುದಿಲ್ಲ. ಪಾಮ್ ಬೀಚ್ ಎಂಬ ಜಿಲ್ಲೆಯಲ್ಲಿ ಅಭ್ಯರ್ಥಿಗಳ ಹೆಸರುಗಳು ಎಡಬಲ ಎರಡು ಪುಟಗಳಲ್ಲಿದ್ದವು. ತೂತು ಮಾಡುವ ಜಾಗಗಳ ಸಾಲು ನಡುವೆ ಒಂದೇ. ಯಾವ ಹೆಸರಿಗೆ ಯಾವ ತೂತು ಎಂದು ತಿಳಿಯದೆ ಸಾವಿರಾರು ಜನ ಎರಡು ಕಡೆ ಒತ್ತಿದರು. ಆ ಒಂದೇ ಜಿಲ್ಲೆಯಲ್ಲಿ ಸುಮಾರು ಹತ್ತೊಂಬತ್ತು ಸಾವಿರ ಮತಗಳು ಹೀಗೆ ಕುಲಗೆಟ್ಟವು. ಇಡೀ ರಾಜ್ಯದಲ್ಲಿ ಎಣಿಕೆಗೆ ಬಾರದ ಮತಪತ್ರಗಳು ಒಂದೂಮುಕ್ಕಾಲು ಲಕ್ಷದಷ್ಟು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರುಎಣಿಕೆಯನ್ನು ನಿಲ್ಲಿಸಿತು. ಬುಷ್ ಅಧ್ಯಕ್ಷರಾದರು.

ಡಿಹೇವನ್-ಸ್ಮಿತ್ ಈ ಚುನಾವಣೆಯ ದಾಖಲೆಗಳನ್ನು ಕೂಡಿಸಿ 2005ರಲ್ಲಿ ‘ದ ಬ್ಯಾಟಲ್ ಫಾರ್ ಫ್ಲಾರಿಡಾ’ ಎಂಬ ಪುಸ್ತಕ ತಂದರು. ಅವರ ಕಣ್ಣು ಹೋದದ್ದು ಟಿವಿಯವರು ಗಮನಿಸದ ಒಂದು ಮೂಲೆಗೆ. ಎಲ್ಲರೂ ಜೋತಾಡುವ ಚೂರುಗಳ ಬಗ್ಗೆ ಮಾತಾಡುತ್ತಿದ್ದರು. ಆದರೆ ಎರಡು ಗುರುತಿದ್ದುದರಿಂದ ತಿರಸ್ಕಾರವಾದ ಮತಗಳೇ ಹೆಚ್ಚು, ಒಂದು ಲಕ್ಷಕ್ಕೂ ಮೇಲೆ. ಅವುಗಳಲ್ಲಿ ಒಂದು ಬಗೆ ವಿಶೇಷವಾದದ್ದು. ಮತದಾರ ಬುಷ್ ಅವರ ಎದುರಾಳಿ ಅಲ್ ಗೋರ್ ಹೆಸರಿನ ಮುಂದೆ ಗುರುತು ಹಾಕುತ್ತಾನೆ. ಕೆಳಗೆ ಬೇರೆ ಹೆಸರು ಬರೆಯಲು ಬಿಟ್ಟ ಜಾಗದಲ್ಲಿ ಮತ್ತೆ ಗೋರ್ ಎಂದೇ ಬರೆಯುತ್ತಾನೆ. ತನ್ನ ಆಯ್ಕೆಯನ್ನು ಗಟ್ಟಿ ಮಾಡುವ ಆಸೆ ಅವನದು. ಯಂತ್ರಕ್ಕೆ ಅದು ಎರಡು ಮತ, ಆದ್ದರಿಂದ ಅಸಿಂಧು. ಕೈಯಲ್ಲಿ ಹಿಡಿದು ನೋಡಿದ ಮನುಷ್ಯನಿಗೆ ಇಂಗಿತ ಸ್ಪಷ್ಟ. ಮತದಾರನ ಇಂಗಿತ ಸ್ಪಷ್ಟವಾಗಿದ್ದರೆ ಮತ ಎಣಿಸಬೇಕು ಎಂದು ಫ್ಲಾರಿಡಾದ ಕಾನೂನೇ ಹೇಳುತ್ತಿತ್ತು. ಪತ್ರಿಕೆಗಳು ಸೇರಿ ಮಾಡಿಸಿದ ಪರಿಶೀಲನೆಯ ಫಲಿತಾಂಶ 2001ರ ನವೆಂಬರಿನಲ್ಲಿ ಬಂತು. ಗೋರ್ ಕಡೆಯವರು ಕೇಳಿದ ಸೀಮಿತ ಮರುಎಣಿಕೆ ನಡೆದಿದ್ದರೆ ಬುಷ್ ಅವರೇ ಗೆಲ್ಲುತ್ತಿದ್ದರು. ರಾಜ್ಯದ ಎಲ್ಲ ತಿರಸ್ಕೃತ ಮತಗಳನ್ನೂ ನೋಡಿದ್ದರೆ ಗೋರ್ ಕೂದಲೆಳೆಯಷ್ಟು ಮುಂದಿರುತ್ತಿದ್ದರು. ಎರಡು ತಿಂಗಳ ಹಿಂದಷ್ಟೇ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ್ದವು. ಫಲಿತಾಂಶವನ್ನು ಕೇಳುವ ಮನಸ್ಸು ದೇಶಕ್ಕೆ ಇರಲಿಲ್ಲ.

ಇದನ್ನು ಸಂಚು ಎನ್ನಬಹುದೇ? ಕೆಟ್ಟ ಮತಪತ್ರ ಸಂಚಲ್ಲ. ಪಾಮ್ ಬೀಚಿನ ಮತಪತ್ರವನ್ನು ರೂಪಿಸಿದ ಅಧಿಕಾರಿ ಗೋರ್ ಅವರ ಪಕ್ಷದವರೇ. ಆದರೆ ಮತದಾರರ ಪಟ್ಟಿಯಿಂದ ಅಪರಾಧಕ್ಕೆ ಶಿಕ್ಷೆಯಾದವರ ಹೆಸರು ತೆಗೆಯುವಾಗ ನಿರಪರಾಧಿಗಳೂ ಹೊರಬಿದ್ದದ್ದು, ಅವರಲ್ಲಿ ಕಪ್ಪು ಜನರ ಪಾಲು ಹೆಚ್ಚಿದ್ದದ್ದು, ಪಕ್ಷಪಾತವುಳ್ಳವರ ಕೈಯಲ್ಲಿ ಗಡುವುಗಳ ತೀರ್ಮಾನವಿದ್ದದ್ದು, ಇವನ್ನೆಲ್ಲ ಒಂದು ಸ್ವತಂತ್ರ ತನಿಖೆ ಜೋಡಿಸಿ ನೋಡಬೇಕಿತ್ತು ಎಂದರು ಡಿಹೇವನ್-ಸ್ಮಿತ್. ನಾಗರಿಕ ಹಕ್ಕುಗಳ ಆಯೋಗ ಕಟುವಾದ ವರದಿಯೊಂದನ್ನು ಕೊಟ್ಟಿತು. ಅಪರಾಧದ ದೃಷ್ಟಿಯಿಂದ ಅದನ್ನು ಮುಂದಕ್ಕೆ ಒಯ್ದವರಿಲ್ಲ. 2001ರಲ್ಲಿ ಫ್ಲಾರಿಡಾ ತೂತಿನ ಕಾರ್ಡುಗಳನ್ನು ಕಾನೂನಿನಿಂದಲೇ ತೆಗೆದುಹಾಕಿತು. ತಪ್ಪು ಯಂತ್ರದ್ದಾಯಿತು.

ಅವರ ಬರವಣಿಗೆಯಲ್ಲಿ ಅತಿ ಗಟ್ಟಿಯಾದ ಭಾಗ ಇದೇ. ಕಾರಣ ಸರಳ. ಇಲ್ಲಿ ಕಾಗದಪತ್ರಗಳು ಅವರ ಕೈಯಲ್ಲಿದ್ದವು.

ಶಂಕೆ ಮಾತ್ರ ಇರುವ ಘಟನೆಗಳ ರಾಶಿಗೆ ಬಂದಾಗ ನೆಲ ಜಾರುತ್ತದೆ. ಕೆನಡಿ ಸಹೋದರರ ಹತ್ಯೆ, ಚುನಾವಣೆಗಳು, 2001ರ ಸೆಪ್ಟೆಂಬರ್ 11ರ ದಾಳಿ, ಎಲ್ಲವೂ ಆ ರಾಶಿಯಲ್ಲಿವೆ. ಅಮೆರಿಕದಲ್ಲಿ ತುರ್ತು ಕರೆಯ ದೂರವಾಣಿ ಸಂಖ್ಯೆ 911. ದಾಳಿಗೆ ಆ ಅಂಕಿಗಳ ಹೆಸರೇ ನಿಂತದ್ದು ಜನರ ಮನಸ್ಸನ್ನು ಹದಗೊಳಿಸುವ ಭಾಷಾತಂತ್ರವಾಗಿರಬಹುದೆಂಬ ದಿಕ್ಕಿನಲ್ಲಿ ಡಿಹೇವನ್-ಸ್ಮಿತ್ ಯೋಚಿಸಿದರು. ಇದಕ್ಕೆ ಆಧಾರವಿಲ್ಲ. ಆ ದಾಳಿಯನ್ನು ನಡೆಸಿದವರು ಯಾರು ಎಂಬುದು ಅದಕ್ಕೆಂದೇ ರಚಿಸಿದ ಆಯೋಗದ ತನಿಖೆಯಿಂದ, ದಾಳಿ ಮಾಡಿಸಿದವರದೇ ಮಾತಿನಿಂದ ತಿಳಿದ ವಿಷಯ. ಲಾಭ ಯಾರಿಗಾಯಿತು ಎಂಬ ಪ್ರಶ್ನೆ ಹುಡುಕಾಟ ಶುರು ಮಾಡಲು ಒಳ್ಳೆಯದು. ಮುಗಿಸಲು ಸಾಲದು. ಮಳೆ ಬಂದಾಗ ಛತ್ರಿ ಮಾರುವವನಿಗೆ ಲಾಭ, ಹಾಗೆಂದು ಮೋಡ ತಂದವನು ಅವನಲ್ಲ.

ಇದೇ ಕಾಲದಲ್ಲಿ, ಇದೇ ಫ್ಲಾರಿಡಾದಲ್ಲಿ ಇನ್ನೊಬ್ಬ ರಾಜ್ಯಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಮಯಾಮಿ ವಿಶ್ವವಿದ್ಯಾಲಯದ ಜೋಸೆಫ್ ಉಸ್ಸಿನ್ಸ್ಕಿ. ಜೋಸೆಫ್ ಪೇರೆಂಟ್ ಎಂಬ ವಿದ್ವಾಂಸರ ಜೊತೆ ಸೇರಿ ಅವರು 2014ರಲ್ಲಿ ‘ಅಮೆರಿಕನ್ ಕಾನ್‌ಸ್ಪಿರಸಿ ಥಿಯರೀಸ್’ ಎಂಬ ಪುಸ್ತಕ ಪ್ರಕಟಿಸಿದರು. ಸಂಚು ನಡೆಯಿತೇ ಇಲ್ಲವೇ ಎಂದು ಅವರು ಕೇಳಲಿಲ್ಲ. ಜನ ಯಾವಾಗ, ಯಾರನ್ನು ಶಂಕಿಸುತ್ತಾರೆ ಎಂದು ಕೇಳಿದರು. ‘ನ್ಯೂಯಾರ್ಕ್ ಟೈಮ್ಸ್’ ಮತ್ತು ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆಗಳಿಗೆ ಓದುಗರು ಬರೆದ ಪತ್ರಗಳನ್ನು ತೆಗೆದುಕೊಂಡರು. 1890ರಿಂದ 2010ರವರೆಗಿನ ಒಂದು ಲಕ್ಷಕ್ಕೂ ಹೆಚ್ಚು ಪತ್ರಗಳು. ಅವನ್ನು ಓದಿ ವಿಂಗಡಿಸಲು ಎಷ್ಟು ಕಣ್ಣುಗಳು ಬೇಕಾದವೋ!

ಸಿಕ್ಕಿದ ಉತ್ತರ ಅನಿರೀಕ್ಷಿತ. ಇಂಟರ್ನೆಟ್ ಬಂದ ಮೇಲೆ ಪಿತೂರಿ ಮಾತು ಏರಿರಲಿಲ್ಲ. ಅದು ಉಕ್ಕಿದ್ದು ಎರಡು ಸಲ. 1890ರ ದಶಕದಲ್ಲಿ ದೊಡ್ಡ ಕಂಪನಿಗಳ ಒಕ್ಕೂಟಗಳು ದೇಶವನ್ನು ಕಬಳಿಸುತ್ತಿವೆ ಎಂಬ ಭಯದಲ್ಲಿ. 1950ರ ಸುಮಾರಿಗೆ ಕಮ್ಯುನಿಸ್ಟರ ಭಯದಲ್ಲಿ. ಉಳಿದಂತೆ ಅದು ಅಧಿಕಾರದ ಹಿಂದೆ ಹಿಂದೆ ನಡೆಯುತ್ತದೆ. ರಿಪಬ್ಲಿಕನ್ ಅಧ್ಯಕ್ಷರಿದ್ದಾಗ ಶಂಕೆ ಆ ಪಕ್ಷದ ಮೇಲೆ, ದೊಡ್ಡ ವ್ಯಾಪಾರಿಗಳ ಮೇಲೆ. ಡೆಮಾಕ್ರಟಿಕ್ ಅಧ್ಯಕ್ಷರಿದ್ದಾಗ ಆ ಪಕ್ಷದ ಮೇಲೆ, ಎಡಪಂಥೀಯರ ಮೇಲೆ. ಸೋತವರು ಶಂಕಿಸುತ್ತಾರೆ, ಗೆದ್ದಮೇಲೆ ಮರೆಯುತ್ತಾರೆ. ಇದನ್ನು ಎರಡು ಬಗೆಯಲ್ಲಿ ಓದಬಹುದು. ಶಂಕೆ ಬರಿಯ ಪಕ್ಷಪಾತ ಎನ್ನಬಹುದು. ಅಧಿಕಾರದಲ್ಲಿರುವವರ ಮೇಲೆ ಸದಾ ಯಾರದೋ ಒಂದು ಕಣ್ಣಿರುತ್ತದೆ ಎಂದೂ ಹೇಳಬಹುದು. ಎರಡನೆಯ ಓದು ಡಿಹೇವನ್-ಸ್ಮಿತ್ ಅವರ ವಾದಕ್ಕೆ ಹತ್ತಿರ.

ಶಂಕೆಯ ಹಳೆಯ ಚರಿತ್ರೆ, ಅದಕ್ಕೆ ಅಂಟಿದ ಹೆಸರು, ರುಜುವಾತಾದ ಪ್ರಕರಣಗಳು, ವಾದ ಜಾರುವ ಜಾಗ, ಇಷ್ಟು ಆಯಿತು. ಶಂಕೆಯನ್ನು ಸಾಕ್ಷ್ಯದವರೆಗೆ ಒಯ್ಯುವ ದಾರಿ ಯಾವುದು ಎಂಬುದು ಉಳಿದಿದೆ.

ಅಮೆರಿಕದಲ್ಲಿ ಆ ದಾರಿ ಸ್ವಲ್ಪ ಕಾಲ ತೆರೆದಿತ್ತು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಸಿಐಎ, ಎಫ್‌ಬಿಐಗಳ ಅಧಿಕಾರಿಗಳು ಅದರ ಮುಂದೆ ಬಂದು ಉತ್ತರ ಹೇಳಬೇಕಾಯಿತು. ವಿದೇಶಿ ನಾಯಕರ ಹತ್ಯೆಗೆ ಹೂಡಿದ ಸಂಚುಗಳು, ನಾಗರಿಕರ ಅಂಚೆಯನ್ನು ಒಡೆದು ಓದಿದ್ದು, ಕಾಯಿಂಟೆಲ್‌ಪ್ರೊದ ಪೂರ್ಣ ವಿವರ, ಎಲ್ಲ ಸಾರ್ವಜನಿಕ ದಾಖಲೆಯಾಯಿತು. ಎರಡೂ ಸದನಗಳಲ್ಲಿ ಗುಪ್ತಚರ ಉಸ್ತುವಾರಿಗೆ ಕಾಯಂ ಸಮಿತಿಗಳು ಬಂದವು. 1978ರಲ್ಲಿ ದೇಶದೊಳಗೆ ನಡೆಸುವ ಬೇಹುಗಾರಿಕೆಗೆ ನ್ಯಾಯಾಲಯದ ಅಪ್ಪಣೆ ಬೇಕೆಂಬ ಕಾನೂನು ಬಂತು. ಮಾಹಿತಿ ಹಕ್ಕಿನ ಕಾನೂನು 1966ರಲ್ಲೇ ಇತ್ತು. ಅದಕ್ಕೆ ಹಲ್ಲು ಬಂದದ್ದು 1974ರಲ್ಲಿ, ಅಧ್ಯಕ್ಷ ಫೋರ್ಡ್ ಅವರ ನಿರಾಕರಣೆಯನ್ನು ಸಂಸತ್ತು ಮೀರಿ ನಿಂತಾಗ. ಕೆನಡಿ ಹತ್ಯೆಯ ಕಡತಗಳಿಗೆಂದೇ 1992ರಲ್ಲಿ ಪ್ರತ್ಯೇಕ ಕಾನೂನಾಯಿತು. ಆ ಕಾನೂನಿನ ಮೂಲಕ ಹೊರಬಂದದ್ದರಲ್ಲಿ ಕೆನಡಿ ಹತ್ಯೆಗೆ ಸಂಬಂಧವಿಲ್ಲದ ಕಾಗದಗಳೂ ಇದ್ದವು. 1962ರಲ್ಲಿ ಸೇನಾ ಮುಖ್ಯಸ್ಥರು ಸಹಿ ಹಾಕಿದ ಒಂದು ಯೋಜನೆ ಅವುಗಳಲ್ಲಿ ಒಂದು. ತಮ್ಮವರ ಮೇಲೆ ತಾವೇ ದಾಳಿಗಳ ನಾಟಕವಾಡಿ ಕ್ಯೂಬಾದ ಮೇಲೆ ತಪ್ಪು ಹೊರಿಸುವುದು, ಆ ನೆಪದಲ್ಲಿ ಯುದ್ಧ ಹೂಡುವುದು ಅದರ ತಿರುಳು. ಸರ್ಕಾರ ಅದನ್ನು ಒಪ್ಪಲಿಲ್ಲ, ಅದು ನಡೆಯಲೂ ಇಲ್ಲ. 1997ರವರೆಗೆ ಯಾರಾದರೂ ಅಂಥದ್ದೊಂದಿದೆ ಎಂದಿದ್ದರೆ ಅವರಿಗೆ ಯಾವ ಹೆಸರು ಬೀಳುತ್ತಿತ್ತೆಂದು ಕೇಳುಗರೇ ಊಹಿಸಬಹುದು.

ಕಡತಗಳ ಬಿಡುಗಡೆ ಇನ್ನೂ ಮುಗಿದ ಕಥೆಯಲ್ಲ. 2023ರ ಗ್ಯಾಲಪ್ ಸಮೀಕ್ಷೆಯಲ್ಲಿ ಮೂವರು ಅಮೆರಿಕನ್ನರಲ್ಲಿ ಇಬ್ಬರು ಕೆನಡಿ ಹತ್ಯೆಯ ಹಿಂದೆ ಸಂಚಿತ್ತು ಎಂದರು. 2025ರ ಮಾರ್ಚಿನಲ್ಲಿ ಮತ್ತೆ ಹತ್ತಾರು ಸಾವಿರ ಪುಟಗಳು ಹೊರಬಂದವು. ಓಸ್ವಾಲ್ಡ್ ಒಬ್ಬನೇ ಎಂಬ ತೀರ್ಮಾನವನ್ನು ಉರುಳಿಸುವ ಕಾಗದ ಅವುಗಳಲ್ಲಿ ಸಿಕ್ಕಿಲ್ಲ. ಅರವತ್ತು ವರ್ಷ ಮುಚ್ಚಿಟ್ಟಿದ್ದೇಕೆ ಎಂಬ ಪ್ರಶ್ನೆ ಹಾಗೆಯೇ ಇದೆ.

ಡಿಹೇವನ್-ಸ್ಮಿತ್ ತಮ್ಮ ವಾದದ ಕೇಂದ್ರದಲ್ಲಿಟ್ಟ 1967ರ ಸುತ್ತೋಲೆ ಬೆಳಕಿಗೆ ಬಂದದ್ದೂ ಮಾಹಿತಿ ಹಕ್ಕಿನ ದಾರಿಯಿಂದಲೇ. 1976ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಹಾಕಿದ ಅರ್ಜಿಗೆ ಉತ್ತರವಾಗಿ ಅದು ಬಿಡುಗಡೆಯಾಯಿತು. ಅದರ ಮೇಲೆ ಒಂದು ಷರಾ ಇದೆ, ಕೆಲಸ ಮುಗಿದ ಮೇಲೆ ನಾಶಪಡಿಸಿ ಎಂದು. ಒಂದು ಪ್ರತಿ ಉಳಿದಿದೆ. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದ ಕೆನಡಿ ಸಂಗ್ರಹದಲ್ಲಿ ಅದನ್ನು ಈಗ ಯಾರು ಬೇಕಾದರೂ ಓದಬಹುದು.